ಸಾವಿರದ ಐನೂರು ರೂಪಾಯಿ, ಏಳು ಗಿಡ

ನನ್ನ ಮೊದಲ ಬೋನ್ಸಾಯ್ ಬದುಕಿದ್ದು ನಲವತ್ತು ದಿನ. ಒಂದು ಪ್ರದರ್ಶನದ ಮಳಿಗೆಯಲ್ಲಿ 850 ರೂಪಾಯಿ ಕೊಟ್ಟು ತಂದಿದ್ದೆ. ನೀಲಿ ಪಿಂಗಾಣಿ ಕುಂಡ, ಮೇಲೆ ಬಿಳಿ ಕಲ್ಲು, ನಡುವೆ ಹೆಬ್ಬೆರಳು ಗಾತ್ರದ ಫೈಕಸ್, ಅಂದರೆ ಆಲದ ಜಾತಿಯ ಗಿಡ. ಎಲೆ ಉದುರತೊಡಗಿತು. ಬಾಯಾರಿರಬೇಕು ಅಂತ ನೀರು ಜಾಸ್ತಿ ಹಾಕಿದೆ. ಇನ್ನೂ ಉದುರಿತು. ಕೊನೆಗೆ ಕಿತ್ತು ನೋಡಿದರೆ ಒಳಗೆ ಬರೀ ಜೇಡಿಮಣ್ಣು. ಬೇರುಗಳೆಲ್ಲ ಕಪ್ಪಾಗಿದ್ದವು, ಹಿಡಿದು ಎಳೆದರೆ ಸಿಪ್ಪೆ ಕೈಗೇ ಬರುತ್ತಿತ್ತು. ಕೆರೆ ಹೂಳಿನ ವಾಸನೆ.

ಅವತ್ತು ತುಂಬಾ ಬೇಜಾರಾಯಿತು. ದುಡ್ಡು ಹೋಗಿದ್ದಕ್ಕಿಂತ, ಗಿಡ ಯಾಕೆ ಸತ್ತಿತು ಅಂತ ಗೊತ್ತಾಗದೇ ಇದ್ದದ್ದಕ್ಕೆ. ಆ ಕಾರಣ ಹುಡುಕುತ್ತಾ ಹೋದೆ. ಒಂದು ವಿಷಯ ಸಿಕ್ಕಿತು. ಅದನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನಿಲ್ಲಿಸಿದ ರೀತಿ ಬೇರೆ ಅಷ್ಟೆ. ಮಣ್ಣೂ ಹೀಗೆಯೇ. ಕುಂಡದ ಆಳ ಕಡಿಮೆ ಆದಷ್ಟೂ ಅದರ ಮಣ್ಣಿನ ಹೆಚ್ಚು ಪಾಲು ನೀರಲ್ಲೇ ನೆನೆದಿರುತ್ತದೆ. ತಟ್ಟೆಯಂಥ ಕುಂಡಕ್ಕೆ ಜೇಡಿಮಣ್ಣು ತುಂಬಿದರೆ ಬೇರಿಗೆ ಉಸಿರಾಡಲು ಜಾಗವೇ ಇಲ್ಲ. ನಾನು ಬಾಯಾರಿಕೆ ಅಂದುಕೊಂಡದ್ದು ಮುಳುಗಿ ಸಾಯುತ್ತಿದ್ದ ಗಿಡ.

ಎರಡನೇ ವಿಷಯವೂ ಆಗಲೇ ತಿಳಿಯಿತು. ಚಿಕ್ಕ ಕುಂಡಕ್ಕೆ ಹಾಕಿದ ಮೇಲೆ ಗಿಡದ ಕಾಂಡ ದಪ್ಪ ಆಗುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಎಲೆ ಹೆಚ್ಚು, ಬೇರು ಹೆಚ್ಚು ಇದ್ದರೆ ತಾನೆ ಕಾಂಡ ದಪ್ಪ ಆಗುವುದು? ಅಂದರೆ ಮರ ಮೊದಲು ತಯಾರಾಗಬೇಕು. ಕುಂಡ ಕಟ್ಟಕಡೆಗೆ.

2024ರ ಮೇ ತಿಂಗಳಲ್ಲಿ ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಇದನ್ನೇ ಬರೆದೆ: ಕುಂಡ ಕೊನೆಗೆ. ಕೆಳಗೆ ಇನ್ನೊಂದು ಸಾಲು: ವರ್ಷಕ್ಕೆ 1,500 ರೂಪಾಯಿ, ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ದಾವಣಗೆರೆಯ ವಿನೋಬನಗರದಲ್ಲಿ ನಮ್ಮದು ಬಾಡಿಗೆ ಮನೆ. ಮಾಳಿಗೆ ಮೇಲೆ ಗಿಡ ಇಡಲು ಓನರ್ ಅಂಕಲ್ ಒಪ್ಪಿದ್ದರು. ನೀರು ಸೋರಬಾರದು ಅನ್ನುವುದು ಅವರ ಒಂದೇ ಷರತ್ತು.

ಮಣ್ಣಲ್ಲದ ಮಣ್ಣು

ಅಂಗಡಿಗಳಲ್ಲಿ ಬೋನ್ಸಾಯ್ ಮಿಶ್ರಣ ಅಂತ ಚೀಲದಲ್ಲಿ ಸಿಗುತ್ತದೆ. ನಮ್ಮ ಬಜೆಟ್ಟಿಗೆ ಆಗುವ ಮಾತಲ್ಲ. ಆದರೆ ಬೇಕಾಗಿರುವುದು ಏನು? ನೀರು ಕುಡಿದು ಸ್ವಲ್ಪ ಹಿಡಿದಿಟ್ಟುಕೊಳ್ಳುವ, ಒತ್ತಿದರೆ ಪುಡಿಯಾಗದ, ನಡುವೆ ಗಾಳಿ ಬಿಡುವ ಕಾಳು. ಇಟ್ಟಿಗೆ ಚೂರು ಇದಷ್ಟನ್ನೂ ಮಾಡುತ್ತದೆ. ನಮ್ಮ ಬೀದಿಯಲ್ಲೇ ಒಂದು ಮನೆ ಕಟ್ಟುತ್ತಿದ್ದರು. ಮೇಸ್ತ್ರಿಯನ್ನು ಕೇಳಿದೆ. "ಒಡೆದದ್ದು ಬೇಕಾದಷ್ಟು ಐತಿ, ಒಯ್ಯಿರಿ ಸರ್, ನಮಗೂ ಜಾಗ ಖಾಲಿ ಆಗತೈತಿ" ಅಂದರು. ಎರಡು ಚೀಲ ತಂದೆ.

ಇಟ್ಟಿಗೆಯಲ್ಲೂ ಭೇದ ಇದೆ. ಸರಿಯಾಗಿ ಬೇಯದ ಇಟ್ಟಿಗೆ ನೀರಲ್ಲಿ ನೆಂದರೆ ಮತ್ತೆ ಕೆಸರಾಗುತ್ತದೆ. ಹಾಗಾಗಿ ಪ್ರತಿ ಇಟ್ಟಿಗೆಯ ಒಂದೊಂದು ತುಂಡನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಕೆಂಪು ಲೋಳೆ ಬಂದದ್ದನ್ನೆಲ್ಲ ಎಸೆದೆ. ಉಳಿದದ್ದನ್ನು ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಕುಟ್ಟಿದೆ. ಹೀಗೆ ಮಾಡಿದರೆ ಚೂರು ಸಿಡಿದು ಕಣ್ಣಿಗೆ ಬೀಳುವುದಿಲ್ಲ. ದೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಆಮೇಲೆ ಎರಡು ಜರಡಿ, ಎರಡೂ ಸೇರಿ 160 ರೂಪಾಯಿ. ದೊಡ್ಡ ಕಣ್ಣಿನ ಜರಡಿಯಲ್ಲಿ ಉಳಿದದ್ದು ಟಬ್ಬಿನ ತಳಕ್ಕೆ. ಸಣ್ಣ ಕಣ್ಣಿನಿಂದ ಇಳಿದ ಪುಡಿ ಕಸಕ್ಕೆ. ನಡುವೆ ಸಿಕ್ಕಿದ್ದು, ಹೆಚ್ಚುಕಡಿಮೆ ಜೋಳದ ಕಾಳಿನಿಂದ ಕಡಲೆ ಕಾಳಿನಷ್ಟು ದಪ್ಪದ್ದು, ಅದೇ ನನ್ನ ಬಂಗಾರ. ಪುಡಿ ಎಸೆಯಲು ಮನಸ್ಸು ಬರುವುದಿಲ್ಲ, ಅರ್ಧ ಚೀಲ ಆಗುತ್ತದೆ. ಆದರೆ ಎಸೆಯಿರಿ. ಕಾಳಿನ ನಡುವಿನ ಸಂದಿಯನ್ನೆಲ್ಲ ಮುಚ್ಚಿಬಿಡುವುದು ಆ ಪುಡಿಯೇ.

ಇನ್ನು ಕರಿ ಹೊಟ್ಟು. ಮಂಡಕ್ಕಿ ಊರಿನಲ್ಲಿ, ಅಕ್ಕಿ ಗಿರಣಿಗಳ ಊರಿನಲ್ಲಿ ಇದ್ದುಕೊಂಡು ಭತ್ತದ ಹೊಟ್ಟಿಗೆ ಪರದಾಡುವ ಹಾಗಿಲ್ಲ. ಹೊಟ್ಟನ್ನು ಪೂರ್ತಿ ಸುಟ್ಟರೆ ಬೂದಿ. ಅದು ಗಿಡಕ್ಕೆ ಬೇಡ, ಕ್ಷಾರ ಜಾಸ್ತಿ, ಮೇಲಾಗಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಅರ್ಧ ಸುಟ್ಟು ಕಪ್ಪಾದಾಗ ನಿಲ್ಲಿಸಿದರೆ ಹಗುರವಾದ ಇದ್ದಿಲು ಸಿಗುತ್ತದೆ. ಜಪಾನಿನಲ್ಲಿ ಇದಕ್ಕೆ ಕುಂತಾನ್ ಎನ್ನುತ್ತಾರೆ, ಗಿಡ ಬೆಳೆಸುವವರು ಅಲ್ಲಿ ಇದನ್ನು ಮಣ್ಣಿಗೆ ಬೆರೆಸುತ್ತಾರೆ. ಬಾತಿ ಹತ್ತಿರ ಗೆಳೆಯನ ಹೊಲದಲ್ಲಿ ಒಂದು ಭಾನುವಾರ ಮಾಡಿದೆವು. ಹಳೇ ಎಣ್ಣೆ ಡಬ್ಬಕ್ಕೆ ಮೊಳೆಯಿಂದ ಸುತ್ತಲೂ ತೂತು ಹೊಡೆದು, ಕೆಂಡದ ಮೇಲೆ ಬೋರಲು ಹಾಕಿ, ಮೇಲೊಂದು ತಗಡಿನ ಕೊಳವೆ ನಿಲ್ಲಿಸಿದೆವು. ಡಬ್ಬದ ಸುತ್ತ ಹೊಟ್ಟಿನ ಗುಡ್ಡೆ. ಒಳಗಿನ ಬಿಸಿಗೆ ಹೊಟ್ಟು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಕಪ್ಪಾಗುತ್ತಾ ಬರುತ್ತದೆ. ಗುಡ್ಡೆಯ ಮೇಲೆ ಕಪ್ಪು ಚುಕ್ಕೆ ಕಂಡ ತಕ್ಷಣ ಸಲಿಕೆಯಿಂದ ಮಗುಚಬೇಕು. ಎಲ್ಲ ಕಪ್ಪಾದ ಕೂಡಲೇ ಹರಡಿ ನೀರು ಚಿಮುಕಿಸಬೇಕು. ನಾವು ಮಾತಿಗೆ ಕೂತು ಒಂದು ಕಡೆ ಬಿಟ್ಟೆವು, ಅಷ್ಟು ಜಾಗ ಬೆಳ್ಳಗಾಗಿತ್ತು. ಹೊಗೆ ಬಹಳ, ಊರೊಳಗೆ ಮಾಡುವ ಕೆಲಸ ಅಲ್ಲ ಇದು.

ಇಟ್ಟಿಗೆ ಚೂರು ಮೂರು ಪಾಲು, ಕರಿ ಹೊಟ್ಟು ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಗೊಬ್ಬರಕ್ಕೆ 80 ರೂಪಾಯಿ. ಗುಜರಿ ಅಂಗಡಿಯಲ್ಲಿ ಹಿಡಿಕೆ ಮುರಿದ ಪ್ಲಾಸ್ಟಿಕ್ ಟಬ್ಬು ಆರು, ಒಂದಕ್ಕೆ 20. ಕಾದ ಕಬ್ಬಿಣದ ಸರಳಿನಿಂದ ತಳದಲ್ಲಿ ಹತ್ತು ಹನ್ನೆರಡು ತೂತು. ಜಿಪುಣತನ ಮಾಡದೆ ಕೊಂಡದ್ದು ಒಂದೇ, 280 ರೂಪಾಯಿಯ ಕತ್ತರಿ. ಮೊಂಡು ಕತ್ತರಿ ಕೊಂಬೆಯನ್ನು ಜಜ್ಜುತ್ತದೆ. ಜಜ್ಜಿದ ಗಾಯ ಬೇಗ ಮುಚ್ಚುವುದಿಲ್ಲ.

ಗಿಡಗಳು ಬಂದ ದಾರಿ

ಮೊದಲನೆಯದು ನಮ್ಮ ಗೋಡೆಯಲ್ಲೇ ಇತ್ತು. ಸಿಂಟೆಕ್ಸ್ ಟ್ಯಾಂಕಿನ ಕಟ್ಟೆಯ ಬಿರುಕಿನಲ್ಲಿ ಒಂದು ಅರಳಿ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಇರಬೇಕು. ಓನರ್ ಅಂಕಲ್ ಅದಕ್ಕೆ ಆ್ಯಸಿಡ್ ಹಾಕಿಸಬೇಕು ಅಂತಿದ್ದರು. ಒಂದು ದಿನ ಟೈಮ್ ಕೊಡಿ ಅಂತ ಕೇಳಿದೆ. ಅವ್ವನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. "ಅರಳಿ ದೇವರ ಗಿಡ. ಕೀಳಬಾರದಪ್ಪ" ಅಂದಳು. "ಕೊಲ್ಲೋಕಲ್ಲ ಅವ್ವ, ಉಳಿಸೋಕೆ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಅರಿಶಿನ ಕುಂಕುಮ ತಂದು ಬುಡಕ್ಕೆ ಹಚ್ಚಿ, ಕೈ ಮುಗಿದು, "ಈಗ ತೆಗಿ" ಅಂದಳು. ಹಿಂದಿನ ರಾತ್ರಿ ಬಿರುಕಿಗೆ ನೀರು ಬಿಟ್ಟು ನೆನೆಸಿಟ್ಟಿದ್ದೆ. ಸ್ಕ್ರೂಡ್ರೈವರ್‌ನಿಂದ ಗಾರೆ ಸಡಿಲಿಸಿ ಎಳೆದಾಗ ಗೇಣುದ್ದ ಬೇರು ಬಂತು, ಉಳಿದದ್ದು ಗೋಡೆಯೊಳಗೇ ಕತ್ತರಿಸಿತು.

ಆಲ ಕೂಡ ಇಂಥದ್ದೇ, ಪಕ್ಕದ ಬೀದಿಯ ಕಾಂಪೌಂಡಿನದು. ದಪ್ಪ ಎಲೆಯ ಜೇಡ್ ಗಿಡದ ಕಡ್ಡಿಯನ್ನು ಎದುರು ಮನೆಯ ಆಂಟಿ ಕೊಟ್ಟರು. ಜೇಡ್ ಕಡ್ಡಿಯನ್ನು ಮುರಿದ ಕೂಡಲೇ ನೆಡಬಾರದು. ನಾಲ್ಕೈದು ದಿನ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ನೆಟ್ಟರೆ ಕೊಳೆಯುವುದಿಲ್ಲ.

ನರ್ಸರಿಯಲ್ಲಿ ಮುಂದೆ ಸಾಲಾಗಿ ಇಟ್ಟ ಹೊಸ ಗಿಡ ನೋಡಬೇಡಿ. ಹಿಂದೆ ಹೋಗಿ. ಯಾರೂ ಕೊಳ್ಳದೆ ವರ್ಷಗಟ್ಟಲೆ ಉಳಿದು, ಕವರ್ ಹರಿದು, ನೆಲಕ್ಕೆ ಬೇರು ಬಿಟ್ಟ ಗಿಡಗಳು ಅಲ್ಲಿರುತ್ತವೆ. ನಮಗೆ ಬೇಕಾದ ದಪ್ಪ ಬುಡ, ಸೊಟ್ಟ ಕಾಂಡ ಅಲ್ಲೇ ಇರುವುದು. ನನಗೆ ಅಲ್ಲಿ ಸಿಕ್ಕಿದ್ದು ಮುಂಗೈ ದಪ್ಪದ ಕಾಗದದ ಹೂವಿನ ಗಿಡ, 120 ರೂಪಾಯಿಗೆ. ಎರಡು ಫೈಕಸ್ ಮೈಕ್ರೋಕಾರ್ಪಾ, ತಲಾ 60. ಕೊಳ್ಳುವ ಮೊದಲು ಬುಡದ ಮಣ್ಣನ್ನು ಬೆರಳಿನಿಂದ ಒಂದು ಅಂಗುಲ ಕೆದರಿ ನೋಡಿದೆ. ಬೇರು ಸುತ್ತಲೂ ಹರಡಿದ್ದರೆ ಮಾತ್ರ ತೆಗೆದುಕೊಂಡೆ. ಕೊಂಬೆಯನ್ನು ಮತ್ತೆ ಬೆಳೆಸಬಹುದು. ಬುಡದ ಬೇರು ಕೆಟ್ಟಿದ್ದರೆ ಸರಿಮಾಡಲು ವರ್ಷಗಳೇ ಬೇಕು.

ಏಳನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಿರಿಯೂರಿನ ಕಡೆ ನನ್ನ ಚಿಕ್ಕಪ್ಪನದು ದಾಳಿಂಬೆ ತೋಟ. ಹಳೇ ಗಿಡ ತೆಗೆಸಿ ಅಡಿಕೆ ಇಡುತ್ತಿದ್ದರು. ಆರಿದ್ರಾ ಮಳೆ ಹಿಡಿದಿತ್ತು, ಜೆಸಿಬಿ ಬರುವ ಹಿಂದಿನ ದಿನ ಹೋದೆ. ಸಾಲಿನಲ್ಲಿ ಓಡಾಡಿ, ಕಾಂಡದಲ್ಲಿ ಕಪ್ಪು ಕಲೆ, ಬಿರುಕು ಇಲ್ಲದ ಗಿಡ ಆರಿಸಿದೆ. ದುಂಡಾಣು ಅಂಗಮಾರಿ ಇರುವ ಗಿಡ ತಂದರೆ ರೋಗವನ್ನೇ ಮನೆಗೆ ತಂದ ಹಾಗೆ. ಕಾಂಡ ನನ್ನ ಮಣಿಕಟ್ಟಿನಷ್ಟು ದಪ್ಪ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು. ಒಂದಡಿ ಬಿಟ್ಟು ಮೇಲಿನದೆಲ್ಲ ಕೊಯ್ದೆ. ಸುತ್ತ ಅಗೆದು, ತಾಯಿಬೇರು ಕಡಿದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿದೆ. ಲಗೇಜು 30 ರೂಪಾಯಿ. ಚಿಕ್ಕಪ್ಪ "ಇಪ್ಪತ್ತು ವರ್ಷದ ಬೊಡ್ಡೆ, ಇದನ್ನ ಏನ್ ಮಾಡ್ತೀಯೋ" ಅಂತ ಕೇಳಿದರು. "ಬದುಕಿಸ್ತೀನಿ ಚಿಕ್ಕಪ್ಪ" ಅಂದೆ. ಹೇಳುವಾಗ ನನಗೂ ಧೈರ್ಯ ಇರಲಿಲ್ಲ.

ಗೊಬ್ಬರ ಹಾಕದೆ, ಬರೀ ಇಟ್ಟಿಗೆ ಚೂರು ಮತ್ತು ಕರಿ ಹೊಟ್ಟಿನಲ್ಲಿ ನೆಟ್ಟೆ. ಕಡಿದ ಬೇರಿಗೆ ಗೊಬ್ಬರ ಸುಡುತ್ತದೆ. ಅಲ್ಲಾಡದಂತೆ ಟಬ್ಬಿಗೆ ತಂತಿಯಿಂದ ಬಿಗಿದೆ. ಗಾಳಿಗೆ ಬೊಡ್ಡೆ ಅಲ್ಲಾಡಿದರೆ ಹೊಸ ಬೇರಿನ ತುದಿ ಹರಿದುಹೋಗುತ್ತದೆ. ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟೆ. ಹತ್ತು ದಿನ, ಇಪ್ಪತ್ತು ದಿನ, ಮೂವತ್ತು ದಿನ. ಏನೂ ಇಲ್ಲ. ವಾರಕ್ಕೊಮ್ಮೆ ಉಗುರಿನಿಂದ ತೊಗಟೆ ಸಣ್ಣಗೆ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರು ಇರುವ ತನಕ ಆಸೆ ಬಿಡಬಾರದು. ನಲವತ್ತೆರಡನೇ ದಿನ ಬೆಳಿಗ್ಗೆ, ಕಾಂಡದ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು. ದಾಳಿಂಬೆಯ ಚಿಗುರು ಮೊದಲು ಕೆಂಪಗೇ ಬರುತ್ತದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ ಹೋಗಿ ನೋಡಿದೆ. ಸಂಜೆ ಮತ್ತೆ ಹೋದೆ.

ಕಲ್ಲು ಹಿಡಿದ ಫೈಕಸ್

ಚಿತ್ರದುರ್ಗ ನಮಗೆ 60 ಕಿಲೋಮೀಟರ್. ಏಳು ಸುತ್ತಿನ ಕೋಟೆಗೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಆದರೆ ಆ ಜುಲೈನಲ್ಲಿ ಹೋದಾಗ ಬುರುಜು, ಬತೇರಿ ಬಿಟ್ಟು ಮರಗಳನ್ನು ಮಾತ್ರ ನೋಡಿದೆ. ಹಿಡಿ ಮಣ್ಣಿಲ್ಲದ ಬಂಡೆ ಸಂದಿಯಲ್ಲಿ ಬೇರು ಬಿಟ್ಟ ಮರ. ಬೇರು ಬಂಡೆಯನ್ನು ಬೆರಳಿನಂತೆ ತಬ್ಬಿ ಕೆಳಗಿಳಿದು, ಮಣ್ಣು ಸಿಕ್ಕಿದ ಕಡೆ ನುಗ್ಗಿದೆ. ಗಾಳಿ ಬೀಸುವ ಕಡೆ ಕೊಂಬೆ ಮೋಟು, ಇನ್ನೊಂದು ಕಡೆ ಚಾಚಿದೆ. ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಮೂರು ಗಂಟೆ ಕೂತು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಅಲ್ಲಿಂದ ಒಂದು ಎಲೆಯನ್ನೂ ಕೀಳಬಾರದು, ಅದು ಪುರಾತತ್ವ ಇಲಾಖೆ ಕಾಯುವ ಜಾಗ. ನೋಡಿಕೊಂಡು ಬರಬೇಕು, ಅಷ್ಟೆ.

ಊರಿಗೆ ಬಂದು, ಮನೆ ಕಟ್ಟುವ ಜಾಗದ ಜಲ್ಲಿ ರಾಶಿಯ ಪಕ್ಕ ಬಿದ್ದಿದ್ದ ಒಂದು ಗ್ರಾನೈಟ್ ತುಂಡು ತಂದೆ. ಎರಡು ಮುಷ್ಟಿ ಗಾತ್ರ, ನಡುವೆ ಒಂದು ಸೀಳು. ಒಂದು ಫೈಕಸ್‌ನ ಬೇರನ್ನು ನೀರಲ್ಲಿ ಪೂರ್ತಿ ತೊಳೆದೆ. ತಾಯಿಬೇರು ಕತ್ತರಿಸಿದೆ. ಕತ್ತರಿಸಿದ ಕಡೆ ಬಿಳಿ ಹಾಲು ಬರುತ್ತದೆ, ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕೈಗಂಟಿದ್ದು ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಕಲ್ಲಿನ ಮೇಲೆ ಗಿಡವನ್ನು ಕೂರಿಸಿ, ಒಂದೊಂದೇ ಬೇರನ್ನು ಬೇರೆ ಬೇರೆ ದಿಕ್ಕಿಗೆ ಇಳಿಸಿದೆ. ಬೇರು ಕಲ್ಲಿಗೆ ಒತ್ತಿಕೊಂಡಿರಬೇಕು, ನಡುವೆ ಸಂದಿ ಇರಬಾರದು. ಹೂ ಕಟ್ಟುವ ಬಾಳೆ ನಾರಿನಿಂದ ಸುತ್ತಿ ಕಟ್ಟಿದೆ. ತಾನೇ ಕೊಳೆತು ಹೋಗುತ್ತದಲ್ಲ, ಬಿಚ್ಚುವ ಕೆಲಸ ಇಲ್ಲ ಅನ್ನುವುದು ನನ್ನ ಲೆಕ್ಕ. ಕಲ್ಲು ಮುಳುಗುವಷ್ಟು ಆಳವಾದ ಟಬ್ಬಿನಲ್ಲಿ ಹೂತೆ.

ಲೆಕ್ಕ ತಪ್ಪಿತು. ಆರು ವಾರಕ್ಕೆ ಒಂದು ಬದಿ ಕೆದರಿ ನೋಡಿದೆ. ಮಳೆಗಾಲದ ತೇವಕ್ಕೆ ನಾರು ಆಗಲೇ ಕೊಳೆತಿತ್ತು. ಬೇರು ಕಲ್ಲು ಹಿಡಿಯುವ ಮೊದಲೇ ಸಡಿಲಾಗಿ, ಎರಡು ಬೇರು ಕಲ್ಲು ಬಿಟ್ಟು ದೂರ ಹೋಗಿದ್ದವು. ಪೂರ್ತಿ ತೆಗೆದು ಮತ್ತೆ ಕಟ್ಟಿದೆ. ಈ ಸಲ ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು, ಬೆರಳಗಲ ಪಟ್ಟಿ ಸೀಳಿ, ಎಳೆದು ಸುತ್ತಿದೆ. ರಬ್ಬರ್ ಕೊಳೆಯುವುದಿಲ್ಲ, ಬೇರು ದಪ್ಪ ಆದಂತೆ ಹಿಗ್ಗುತ್ತದೆ, ಆದರೂ ಒತ್ತಿ ಹಿಡಿದಿರುತ್ತದೆ. ಮೊದಲೇ ಹೀಗೆ ಮಾಡಿದ್ದರೆ ಆರು ವಾರ ಉಳಿಯುತ್ತಿತ್ತು. ಒಂದು ಗಟ್ಟಿ ಕೊಂಬೆಯನ್ನು ಮೇಲಕ್ಕೆ ಸುಮ್ನೆ ಬೆಳೆಯಲು ಬಿಟ್ಟೆ. ಇದು ಕೊನೆಗೆ ಕಡಿಯುವುದಕ್ಕಾಗಿಯೇ ಬೆಳೆಸುವ ಕೊಂಬೆ. ಅದು ಓಡಿದಷ್ಟೂ ಬುಡ, ಬೇರು ದಪ್ಪ ಆಗುತ್ತವೆ.

ತಂತಿ, ಹಿಂಡಿ, ಬಿಸಿಲು

ಬೋನ್ಸಾಯ್ ತಂತಿ ಅಂತ ಕೊಳ್ಳಲಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಹಳೇ ಅಲ್ಯೂಮಿನಿಯಂ ಸರ್ವೀಸ್ ವೈರ್ 110 ರೂಪಾಯಿಗೆ ತಂದು ಮೇಲಿನ ಪ್ಲಾಸ್ಟಿಕ್ ಸುಲಿದೆ. ಕೊಂಬೆಯ ದಪ್ಪದ ಮೂರನೇ ಒಂದು ಭಾಗ ದಪ್ಪದ ತಂತಿ ಸಾಕು, 45 ಡಿಗ್ರಿ ಓರೆಯಲ್ಲಿ ಸುತ್ತಬೇಕು. ಸೆಪ್ಟೆಂಬರಿನಲ್ಲಿ ಎರಡನೇ ಫೈಕಸ್‌ಗೆ ಸುತ್ತಿ, ಹಬ್ಬದ ಗಡಿಬಿಡಿಯಲ್ಲಿ ಮರೆತೆ. ಐದು ವಾರದ ಮೇಲೆ ನೋಡಿದರೆ ತಂತಿ ತೊಗಟೆಯೊಳಗೆ ಹೂತುಕೊಂಡಿತ್ತು. ಸುತ್ತು ಬಿಚ್ಚಲು ಹೋದರೆ ಸಿಪ್ಪೆ ಕಿತ್ತುಬರುತ್ತದೆ, ಒಂದೊಂದು ಸುತ್ತನ್ನೂ ಕತ್ತರಿಸಿ ತೆಗೆಯಬೇಕು. ಆ ಸುರುಳಿ ಗುರುತು ಈಗಲೂ ಇದೆ. ಮಳೆಗಾಲದಲ್ಲಿ ತಂತಿ ಹಾಕಿದರೆ ವಾರಕ್ಕೊಮ್ಮೆ ನೋಡಲೇಬೇಕು.

ಗೊಬ್ಬರಕ್ಕೆ ಚಳ್ಳಕೆರೆ ಕಡೆಯ ಶೇಂಗಾ ಹಿಂಡಿ, ಒಂದು ಕಿಲೋ 60. ಜಪಾನಿನಲ್ಲಿ ಸಾಸಿವೆ ಜಾತಿಯದೇ ಇನ್ನೊಂದು ಎಣ್ಣೆಕಾಳಿನ ಹಿಂಡಿ ಹಾಕುತ್ತಾರೆ, ನಮಗೆ ಇದೇ ಆಯಿತು. ಪುಡಿ ಮಾಡಿ, ಚಹಾ ಸೋಸುವ ಪ್ಲಾಸ್ಟಿಕ್ ಜಾಲರಿಯಲ್ಲಿ ಹಾಕಿ ಮಣ್ಣಿನ ಮೇಲೆ ಬೋರಲು ಇಡುತ್ತೇನೆ. ಹಾಗೇ ಚೆಲ್ಲಿದರೆ ಇಲಿ, ಇರುವೆ ಬಿಡುವುದಿಲ್ಲ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಜನವರಿ ಹೊತ್ತಿಗೆ ಅರಳಿ ಚೆನ್ನಾಗಿ ಹಿಡಿದಿತ್ತು, ಎಲೆ ಫಳಫಳ ಅನ್ನುತ್ತಿತ್ತು. ಮನೆಗೆ ನೆಂಟರು ಬರುವವರಿದ್ದರು. ಚಂದ ಕಾಣಲಿ ಅಂತ ಟಬ್ಬಿನಿಂದ ತೆಗೆದು ಎರಡು ಅಂಗುಲದ ತಟ್ಟೆಗೆ ಹಾಕಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಬರೆದ ಮಾತು ನಾನೇ ಮೀರಿದೆ. ಎಲ್ಲರೂ ಹೊಗಳಿದರು. ಏಪ್ರಿಲ್ ಬಂತು. ದಾವಣಗೆರೆ ಬಿಸಿಲು ಗೊತ್ತಲ್ವಾ, ಮಾಳಿಗೆಯ ಸಿಮೆಂಟು ಬರಿಗಾಲಿಡಲು ಆಗದಷ್ಟು ಕಾಯುತ್ತದೆ. 200 ರೂಪಾಯಿಯ ಹಸಿರು ನೆರಳು ಬಲೆ ಕಟ್ಟಿದ್ದೆ, ಟಬ್ಬುಗಳ ಕೆಳಗೆ ಒದ್ದೆ ಗೋಣಿಚೀಲ ಹಾಸಿದ್ದೆ. ಟಬ್ಬಿನ ಗಿಡಗಳು ತಡೆದವು. ಒಂದು ದಿನ ಬೆಳಿಗ್ಗೆ ಏಳಕ್ಕೆ ನೀರು ಹಾಕಿ ಕೆಲಸಕ್ಕೆ ಹೋದವನು ರಾತ್ರಿ ಬಂದೆ. ತಟ್ಟೆಯ ಅರಳಿಯ ಎಲೆ ಹಪ್ಪಳದಂತಾಗಿತ್ತು. ಮೂರು ವಾರ ಕಾದೆ, ಕೆರೆದು ನೋಡಿದೆ. ಒಳಗೆ ಕಂದು.

ಅವ್ವ ಏನೂ ಅನ್ನಲಿಲ್ಲ. ಒಣಗಿದ ಗಿಡವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಅರಳಿ ಕಟ್ಟೆಯ ಬುಡದಲ್ಲಿ ಇಟ್ಟು ಬಂದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಜೂನ್‌ನಲ್ಲಿ ಮೃಗಶಿರ ಮಳೆ ಬಿದ್ದ ಹತ್ತನೇ ದಿನ ಟ್ಯಾಂಕ್ ಕಟ್ಟೆಯ ಅದೇ ಬಿರುಕಿನಲ್ಲಿ, ಗೋಡೆಯೊಳಗೆ ಉಳಿದಿದ್ದ ಬೇರಿನಿಂದ, ಎರಡು ತಾಮ್ರದ ಬಣ್ಣದ ಎಲೆ ಬಂದವು. ಮೊದಲು ನೋಡಿದ್ದು ಅವ್ವನೇ. ಕೂಗಿ ಕರೆದಳು. ಈ ಸಲ ಅವಳೇ ಗಾರೆ ಕೆರೆದಳು, ನಾನು ಗಿಡ ಹಿಡಿದುಕೊಂಡಿದ್ದೆ. ಸೀದಾ ಆಳದ ಟಬ್ಬಿಗೆ ಹಾಕಿದೆವು.

2025 ಆಗಸ್ಟ್

ಖರ್ಚು ಕೂಡಿದರೆ 1,280. ಉಳಿದದ್ದು 220. ಇಷ್ಟರಲ್ಲಿ ಕುಂಡಕ್ಕೆ ಅಂತ ಒಂದು ರೂಪಾಯಿಯೂ ಇಲ್ಲ. ದಾಳಿಂಬೆಗೆ ಹದಿನಾಲ್ಕು ಹೊಸ ಕೊಂಬೆ ಬಂದಿವೆ, ಐದನ್ನು ಉಳಿಸಿಕೊಂಡಿದ್ದೇನೆ. ಆಲಕ್ಕೆ ಒಂದು ಬಿಳಲು ಇಳಿಯುತ್ತಿತ್ತು, ನಮ್ಮ ಒಣ ಗಾಳಿಗೆ ತುದಿ ಒಣಗಿಹೋಗುತ್ತಿತ್ತು. ಜ್ಯೂಸ್ ಕುಡಿಯುವ ಸ್ಟ್ರಾ ಉದ್ದಕ್ಕೆ ಸೀಳಿ ಬಿಳಲಿಗೆ ತೊಡಿಸಿ, ಒಳಗೆ ಒದ್ದೆ ಕರಿ ಹೊಟ್ಟು ತುಂಬಿದೆ. ಈಗ ಮಣ್ಣು ಮುಟ್ಟಿದೆ. ಕಾಗದದ ಹೂವಿನ ಗಿಡಕ್ಕೆ ಬೇರು ಮುಟ್ಟಿದರೆ ಆಗುವುದಿಲ್ಲ, ಅದನ್ನು ಅದರ ಪಾಡಿಗೆ ಬಿಟ್ಟಿದ್ದೇನೆ. ಬೋರ್ ನೀರಿನಿಂದ ಬುಡದಲ್ಲಿ ಬಿಳಿ ಉಪ್ಪು ಕಟ್ಟಿತ್ತು, ಮಳೆ ನೀರು ಹಿಡಿದಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದೆ.

ಹೋದ ಭಾನುವಾರ ಕಲ್ಲಿನ ಫೈಕಸ್ ತೆರೆದೆ. ಮಣ್ಣನ್ನು ಪೈಂಟ್ ಬ್ರಷ್‌ನಿಂದ ಸ್ವಲ್ಪಸ್ವಲ್ಪವೇ ಸರಿಸಿ, ಟ್ಯೂಬ್ ಪಟ್ಟಿಯನ್ನು ಮೇಲಿನಿಂದ ಎರಡು ಸುತ್ತು ಕತ್ತರಿಸಿದೆ. ಬೇರು ಕಲ್ಲಿಗೆ ಅಂಟಿಕೊಂಡು ಚಪ್ಪಟೆಯಾಗಿತ್ತು. ಸೀಳಿನೊಳಗೆ ಇಳಿಸಿದ್ದ ಬೇರು ಸೀಳನ್ನು ತುಂಬಿ ಹೊರಗೆ ಉಬ್ಬಿತ್ತು. ಕಲ್ಲು ಹಿಡಿದು ಎತ್ತಿದೆ, ಗಿಡ ಅಲ್ಲಾಡಲಿಲ್ಲ. ಗಿಡ ಹಿಡಿದು ಎತ್ತಿದೆ, ಕಲ್ಲೂ ಜೊತೆಗೇ ಎದ್ದಿತು. ಅವ್ವ ಬಂದು ಬೆರಳಿನಿಂದ ಮುಟ್ಟಿ ನೋಡಿ, "ದುರ್ಗದ ಬಂಡೆ ಮರ ಇದ್ದಂಗೇ ಐತಲ್ಲೋ" ಅಂದಳು.

ಆದರೆ ಬಡಗಣ ಕಡೆಯ ಬೇರು ಇನ್ನೂ ಪೆನ್ಸಿಲ್ಲಿಗಿಂತ ಸಣ್ಣ. ಉಳಿದ ಮೂರರ ಅರ್ಧವೂ ಇಲ್ಲ. ಹೊಸ ಪಟ್ಟಿ ಸುತ್ತಿದೆ. ಆ ಬೇರಿನ ನೇರಕ್ಕೆ ಮೇಲೆ ಒಂದು ಕೊಂಬೆಯನ್ನು ಓಡಲು ಬಿಟ್ಟು, ಮತ್ತೆ ಅದೇ ಟಬ್ಬಿನಲ್ಲಿ ಕಲ್ಲು ಮುಳುಗುವ ತನಕ ಇಟ್ಟಿಗೆ ಚೂರು ತುಂಬಿದೆ. ಟಬ್ಬಿನ ಅಂಚಿಗೆ ಪೈಂಟಿನಲ್ಲಿ ಬರೆದಿದ್ದೇನೆ: 2026 ಆಗಸ್ಟ್.